ಯಾರ ಮೇಲೆ ಕೋಪ, ಯಾವ ಕಾರಣಕ್ಕೆ?

1988ರ ಅಕ್ಟೋಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಅಮೆರಿಕದ ಅಧ್ಯಕ್ಷೀಯ ಚರ್ಚೆಯ ಮೊದಲ ಪ್ರಶ್ನೆಯನ್ನು ಇಂದು ಓದಿದರೂ ಎದೆ ಝಲ್ಲೆನ್ನುತ್ತದೆ. ಚರ್ಚೆ ನಡೆಸಿಕೊಡುತ್ತಿದ್ದ ಪತ್ರಕರ್ತ ಬರ್ನಾರ್ಡ್ ಶಾ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಅವರನ್ನು ಅವರ ಪತ್ನಿ ಕಿಟ್ಟಿಯ ಹೆಸರೆತ್ತಿಯೇ ಕೇಳಿದರು: ಆಕೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾದರೆ, ಕೊಲೆಗಾರನಿಗೆ ಮರಣದಂಡನೆ ವಿಧಿಸುವುದನ್ನು ನೀವು ಒಪ್ಪುತ್ತೀರಾ? ಡುಕಾಕಿಸ್ ತಡವರಿಸಲಿಲ್ಲ. ಇಲ್ಲ, ಬದುಕಿನುದ್ದಕ್ಕೂ ಮರಣದಂಡನೆಯನ್ನು ವಿರೋಧಿಸಿಕೊಂಡೇ ಬಂದಿದ್ದೇನೆ, ಅದು ಅಪರಾಧವನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಕಾಣುತ್ತಿಲ್ಲ ಎಂದರು. ತಮ್ಮ ರಾಜ್ಯದಲ್ಲಿ ಅಪರಾಧ ಇಳಿದಿರುವುದನ್ನು ಹೇಳಿದರು. ಅಲ್ಲಿಂದ ಮಾದಕವಸ್ತುಗಳ ವಿರುದ್ಧದ ಹೋರಾಟದ ಕಡೆಗೆ ಮಾತು ಹೊರಳಿಸಿದರು. ಆ ಇಡೀ ಉತ್ತರದಲ್ಲಿ ಕಿಟ್ಟಿ ಎಂಬ ಹೆಸರು ಒಮ್ಮೆಯೂ ಬರಲಿಲ್ಲ.

ಚುನಾವಣಾ ಚರ್ಚೆಗಳ ಬಗ್ಗೆ ಬರೆಯುವವರೆಲ್ಲ ಈ ಉತ್ತರವನ್ನು ಸೋಲಿನ ಮಾದರಿಯಾಗಿ ಎತ್ತಿ ತೋರಿಸುತ್ತಾರೆ. ಭಾವನೆಯಿಲ್ಲದ ಮನುಷ್ಯ, ಹೆಂಡತಿಯ ಕೊಲೆಯ ಮಾತು ಬಂದರೂ ಅಂಕಿಅಂಶ ಹೇಳುವ ಮನುಷ್ಯ ಎಂಬ ತೀರ್ಪು ಅಂದೇ ಹೊರಬಿದ್ದಿತು. ಅವರು ಚುನಾವಣೆ ಸೋತದ್ದು ಈ ಒಂದು ಉತ್ತರದಿಂದಲೇ ಎಂದು ನಾನು ಹೇಳುವುದಿಲ್ಲ. ಎದುರಾಳಿ ಜಾರ್ಜ್ ಬುಷ್ ಆಗ 40 ರಾಜ್ಯಗಳನ್ನು ಗೆದ್ದರು, ಅಷ್ಟು ದೊಡ್ಡ ಗೆಲುವಿಗೆ ಹಲವು ಕಾರಣಗಳಿರುತ್ತವೆ. ಆದರೆ ಆ ತೀರ್ಪು ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತದೆ. ಏಕೆಂದರೆ ಡುಕಾಕಿಸ್ ಅವರಿಗೆ ಹಿಂಸೆಯ ನೋವು ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ವೈದ್ಯರಾಗಿದ್ದ ಅವರ ತಂದೆಯನ್ನು ಎಪ್ಪತ್ತೇಳನೆಯ ವಯಸ್ಸಿನಲ್ಲಿ ದುಷ್ಕರ್ಮಿಯೊಬ್ಬ ಥಳಿಸಿ ಕಟ್ಟಿಹಾಕಿದ್ದ. ಅವರ ಅಣ್ಣ 1973ರಲ್ಲಿ, ಗುದ್ದಿ ನಿಲ್ಲಿಸದೆ ಹೋದ ವಾಹನಕ್ಕೆ ಬಲಿಯಾಗಿದ್ದರು. ಈ ಎರಡನ್ನೂ ಅವರು ಪ್ರಚಾರದ ಬೇರೆ ಸಂದರ್ಭಗಳಲ್ಲಿ ಹೇಳಿಕೊಂಡಿದ್ದರು. ಆ ರಾತ್ರಿ ಮಾತ್ರ ಹೇಳಲಿಲ್ಲ.

ಆ ಪ್ರಶ್ನೆ ಅನ್ಯಾಯದ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ಹೆಂಡತಿಯನ್ನು ಕಳೆದುಕೊಂಡವನ ಕೈಗೆ ಶಿಕ್ಷೆಯ ಅಧಿಕಾರ ಕೊಡಬಾರದು ಎಂಬ ತಿಳಿವಳಿಕೆಯಿಂದಲೇ ಮನುಷ್ಯಕುಲ ನ್ಯಾಯಾಲಯವನ್ನು ಕಟ್ಟಿಕೊಂಡಿತು. ಆದರೂ ಅವರ ಉತ್ತರದಲ್ಲಿ ಒಂದು ಕೊರತೆಯಿತ್ತು ಎಂಬುದನ್ನು ಅಲ್ಲಗಳೆಯಲಾರೆ. ಅದು ಕಣ್ಣೀರಿನ ಕೊರತೆಯಲ್ಲ. ತತ್ವವೊಂದು ತನಗೇ ನೋವು ಕೊಡುವ ಜಾಗದಲ್ಲೂ ನಿಲ್ಲುತ್ತದೆಯೇ ಎಂದು ಜನ ನೋಡಲು ಬಯಸಿದ್ದರು. ಅವರು ನೋವನ್ನು ಬದಿಗಿಟ್ಟು ತತ್ವವನ್ನಷ್ಟೇ ತೋರಿಸಿದರು. "ಆ ಕ್ಷಣದಲ್ಲಿ ಅವನನ್ನು ನನ್ನ ಕೈಯಾರೆ ಕೊಲ್ಲಬೇಕು ಎನಿಸುತ್ತದೆ. ಹಾಗೆ ಅನಿಸುವವನ ಕೈಗೆ ಕಾನೂನು ಸಿಗಬಾರದು ಎಂಬುದಕ್ಕಾಗಿಯೇ ನಾನು ಮರಣದಂಡನೆಯನ್ನು ವಿರೋಧಿಸುತ್ತೇನೆ" ಎಂದಿದ್ದರೆ ಅದೇ ನಿಲುವು, ಅದೇ ತರ್ಕ, ಆದರೆ ಕೇಳುವವರ ಮನಸ್ಸಿನಲ್ಲಿ ಅದು ಇಳಿಯುವ ಆಳವೇ ಬೇರೆಯಾಗುತ್ತಿತ್ತು. ಭಾವನೆ ಅಲ್ಲಿ ತರ್ಕದ ಭಾಗವೇ ಆಗುತ್ತಿತ್ತು.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ರಾಜಕಾರಣಿಗಳು ಭಾವನೆಗಳನ್ನು ಕೆರಳಿಸಿ ಮತ ಗಿಟ್ಟಿಸುತ್ತಾರೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಆ ದೂರಿನ ಬೆನ್ನಿಗೇ, ಜನ ಭಾವನೆಯನ್ನು ಬಿಟ್ಟು ಬುದ್ಧಿಯಿಂದ ಮತ ಹಾಕಬೇಕು ಎಂಬ ಉಪದೇಶವೂ ಬರುತ್ತದೆ. ಆ ಉಪದೇಶ ನನಗೆ ಒಪ್ಪಿಗೆಯಿಲ್ಲ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ, ಮಿದುಳಿನ ಮುಂಭಾಗದ ಒಂದು ನಿರ್ದಿಷ್ಟ ಪ್ರದೇಶಕ್ಕೆ ಪೆಟ್ಟು ಬಿದ್ದ ರೋಗಿಗಳನ್ನು ಪರೀಕ್ಷಿಸಿದ್ದರು. ಅವರ ಬುದ್ಧಿಶಕ್ತಿ, ನೆನಪು, ಮಾತು ಎಲ್ಲವೂ ಸರಿಯಾಗಿದ್ದವು; ಭಾವನೆ ಮಾತ್ರ ಮಂಕಾಗಿತ್ತು. ಅಂಥವರು ದಿನನಿತ್ಯದ ಸಾಮಾನ್ಯ ನಿರ್ಧಾರಗಳನ್ನೂ ಸರಿಯಾಗಿ ತೆಗೆದುಕೊಳ್ಳಲಾರದೆ ಹೋದರು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೂಗಿ ಹೇಳುವ ಕೆಲಸವನ್ನು ಭಾವನೆಯೇ ಮಾಡುತ್ತದೆ. ಹಸಿದ ಮಗುವಿನ ಬಗ್ಗೆ ಮರುಕವಿಲ್ಲದವನಿಗೆ ಆಹಾರ ನೀತಿಯ ಅಂಕಿಅಂಶಗಳಿಂದ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ಹಾಗಾದರೆ ಒಳ್ಳೆಯ ಕೆರಳಿಕೆ ಯಾವುದು, ಕೆಟ್ಟದ್ದು ಯಾವುದು?

ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಾಧನ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಳೆಯದು. ಭಾಷಣಕಲೆಯ ಬಗ್ಗೆ ಬರೆದ ಅರಿಸ್ಟಾಟಲ್, ತೀರ್ಪು ಹೇಳುವವನನ್ನು ಕೋಪಕ್ಕೋ ಅಸೂಯೆಗೋ ಕರುಣೆಗೋ ದೂಡುವುದು ಅಳತೆಪಟ್ಟಿಯನ್ನು ಬಳಸುವ ಮುನ್ನವೇ ಬಗ್ಗಿಸಿದಂತೆ ಎಂದು ಎಚ್ಚರಿಸಿದ. ಅದೇ ಅರಿಸ್ಟಾಟಲ್ ಮುಂದಿನ ಭಾಗದಲ್ಲಿ ಕೋಪ, ಭಯ, ನಾಚಿಕೆ, ಕರುಣೆ, ಅಸೂಯೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಕೆಲವರು ಇದನ್ನು ವಿರೋಧಾಭಾಸ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ, ಏಕೆಂದರೆ ಆತ ಪ್ರತಿ ಭಾವಕ್ಕೂ ಮೂರು ಪ್ರಶ್ನೆ ಹಾಕಬೇಕು ಎಂದ. ಕೋಪವನ್ನೇ ತೆಗೆದುಕೊಳ್ಳಿ: ಯಾವ ಮನಃಸ್ಥಿತಿಯಲ್ಲಿರುವವರು ಕೋಪಗೊಳ್ಳುತ್ತಾರೆ, ಯಾರ ಮೇಲೆ ಕೋಪಗೊಳ್ಳುತ್ತಾರೆ, ಯಾವ ಕಾರಣಕ್ಕೆ ಕೋಪಗೊಳ್ಳುತ್ತಾರೆ. ಈ ಮೂರರಲ್ಲಿ ಒಂದು ತಪ್ಪಿದರೂ ಕೋಪ ಹುಟ್ಟಿಸಲಾಗದು ಎಂಬುದು ಅವನ ಮಾತು.

ಚರ್ಚೆಗಳನ್ನು ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡತೊಡಗಿದ ಮೇಲೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮೊದಲ ಎರಡನ್ನು ಎಲ್ಲ ಅಭ್ಯರ್ಥಿಗಳೂ ಧಾರಾಳವಾಗಿ ಒದಗಿಸುತ್ತಾರೆ. ನೀವು ಬಳಲಿದ್ದೀರಿ, ನಿಮ್ಮನ್ನು ಕೇಳುವವರಿಲ್ಲ ಎಂದು ಮನಃಸ್ಥಿತಿಯನ್ನು ಹದಗೊಳಿಸುತ್ತಾರೆ. ಇಂಥವರೇ ಇದಕ್ಕೆ ಹೊಣೆ ಎಂದು ಬೆರಳು ತೋರುತ್ತಾರೆ. ಮೂರನೆಯದನ್ನು, ಅಂದರೆ ಕಾರಣವನ್ನು, ಪರೀಕ್ಷೆಗೆ ಸಿಗುವಂತೆ ಮುಂದಿಡುತ್ತಾರೋ ಇಲ್ಲವೋ ಎಂಬಲ್ಲಿಯೇ ದಾರಿ ಕವಲೊಡೆಯುತ್ತದೆ. ಕಾರಣ ಮುಂದಿಟ್ಟರೆ ಎದುರಾಳಿ ಅದನ್ನು ಪ್ರಶ್ನಿಸಬಹುದು, ಕೇಳುಗ ಪರಿಶೀಲಿಸಬಹುದು, ಸುಳ್ಳಾದರೆ ಕೋಪ ಇಳಿಯಬಹುದು. ಮುಂದಿಡದೆ ಹೋದರೆ ಆ ಕೋಪವನ್ನು ಇಳಿಸುವ ಯಾವ ದಾರಿಯೂ ಉಳಿಯುವುದಿಲ್ಲ.

ನಮ್ಮ ಕಾವ್ಯಮೀಮಾಂಸೆ ಇದನ್ನು ಇನ್ನೊಂದು ಕಡೆಯಿಂದ ಕಂಡಿದೆ. ರಸ ಹುಟ್ಟಬೇಕಾದರೆ ವಿಭಾವ, ಅಂದರೆ ಭಾವಕ್ಕೆ ಕಾರಣವಾಗುವಂಥದ್ದು, ಬೇಕು. ಅದರಲ್ಲಿ ಆಲಂಬನ ಒಂದು, ಉದ್ದೀಪನ ಇನ್ನೊಂದು. ಯಾರನ್ನು ಕುರಿತು ಭಾವ ಏಳುತ್ತದೆಯೋ ಅದು ಆಲಂಬನ. ಎದ್ದ ಭಾವವನ್ನು ಹೆಚ್ಚಿಸುವ ಬೆಳದಿಂಗಳು, ತಂಗಾಳಿ, ದೂರದ ಗಾನ ಮುಂತಾದವು ಉದ್ದೀಪನ. ಚುನಾವಣಾ ಚರ್ಚೆಯ ವೇದಿಕೆಯಲ್ಲಿ ಉದ್ದೀಪನಕ್ಕೆ ಕೊರತೆಯಿಲ್ಲ: ಹಿಂದೆ ನಿಲ್ಲಿಸಿದ ಧ್ವಜ, ಮಾತಿನ ನಡುವಿನ ಮೌನ, ಗದ್ಗದಿಸಿದ ಕಂಠ, ಸಭಾಂಗಣದ ಚಪ್ಪಾಳೆ. ನೋಡಬೇಕಾದದ್ದು ಆಲಂಬನವನ್ನು. ಇಷ್ಟೆಲ್ಲ ಮರುಕ ಯಾರ ಕುರಿತು? ಆ ವ್ಯಕ್ತಿ, ಆ ಸಂಕಟ, ಆ ಕಾನೂನು ನಿಜವಾಗಿಯೂ ಕಣ್ಣಮುಂದೆ ಇದೆಯೇ? ರಂಗದ ಮೇಲಿನ ದುಃಖವನ್ನು ನೋಡುವ ಸಹೃದಯ ಅದನ್ನು ಸವಿದು ಮನೆಗೆ ಹೋದರೆ ಸಾಕು, ಅವನಿಂದ ಯಾರೂ ಸಹಿ ಕೇಳುವುದಿಲ್ಲ. ಚರ್ಚೆಯನ್ನು ನೋಡಿದವನು ಮರುದಿನ ಅಧಿಕಾರವನ್ನೇ ಎತ್ತಿ ಕೊಡುತ್ತಾನೆ. ಆದ್ದರಿಂದ ಇಲ್ಲಿ ಆಲಂಬನ ಟೊಳ್ಳಾಗಿರಬಾರದು.

1992ರ ಅಕ್ಟೋಬರ್ 15ರಂದು ರಿಚ್ಮಂಡ್‌ನಲ್ಲಿ ಸಾಮಾನ್ಯ ಮತದಾರರೇ ಪ್ರಶ್ನೆ ಕೇಳುವ ಚರ್ಚೆಯೊಂದು ನಡೆಯಿತು. ವೇದಿಕೆಯಲ್ಲಿ ಬುಷ್, ಬಿಲ್ ಕ್ಲಿಂಟನ್ ಮತ್ತು ರಾಸ್ ಪೆರೋ ಇದ್ದರು. ಮಹಿಳೆಯೊಬ್ಬರು ಎದ್ದು, ರಾಷ್ಟ್ರೀಯ ಸಾಲ ನಿಮ್ಮ ಸ್ವಂತ ಬದುಕನ್ನು ಹೇಗೆ ತಟ್ಟಿದೆ, ತಟ್ಟಿಲ್ಲವಾದರೆ ನಮ್ಮಂಥವರ ಕಷ್ಟಕ್ಕೆ ಪರಿಹಾರ ಹೇಗೆ ಹುಡುಕುತ್ತೀರಿ ಎಂದು ಕೇಳಿದರು. ಆ ಪ್ರಶ್ನೆ ಶುರುವಾಗುತ್ತಿದ್ದಾಗಲೇ ಬುಷ್ ಕೈಗಡಿಯಾರ ನೋಡಿಕೊಂಡದ್ದು ಕ್ಯಾಮೆರಾಕ್ಕೆ ಸಿಕ್ಕಿತು. ಎಲ್ಲರ ನೆನಪಿನಲ್ಲಿ ಉಳಿದದ್ದು ಅದೇ. ಆದರೆ ಉತ್ತರಗಳನ್ನು ಅಕ್ಷರರೂಪದಲ್ಲಿ ಓದಿದರೆ ಬೇರೆಯೇ ಸಂಗತಿಗಳು ಕಾಣುತ್ತವೆ. ಬುಷ್ ಬಡ್ಡಿದರದ ಮಾತೆತ್ತಿದರು, ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡರು, ಕೊನೆಗೆ ಒಂದು ಮಾತು ಹೇಳಿದರು: ನಿಮಗೆ ಕ್ಯಾನ್ಸರ್ ಬಂದಿಲ್ಲ, ಆದ್ದರಿಂದ ಅದರ ಕಷ್ಟ ನಿಮಗೆ ಗೊತ್ತಿಲ್ಲ ಎನ್ನುವುದು ನ್ಯಾಯವಲ್ಲ. ಇದು ಬಲವಾದ ವಾದ. ಅನುಭವಿಸಿದವರಷ್ಟೇ ಅರಿಯಬಲ್ಲರು ಎಂದಾದರೆ ಯಾವ ಪ್ರತಿನಿಧಿಯೂ ತನ್ನಂತಿಲ್ಲದವರನ್ನು ಪ್ರತಿನಿಧಿಸಲಾರ. ಆದರೆ ಆ ವಾದ ಆಕೆಗೆ ಗದರಿಕೆಯಂತೆ ತಲುಪಿತು.

ಕ್ಲಿಂಟನ್ ಎದ್ದು ಆಕೆಯ ಹತ್ತಿರಕ್ಕೆ ನಡೆದರು. ಅದು ನಿಮ್ಮನ್ನು ಹೇಗೆ ತಟ್ಟಿದೆ, ಇನ್ನೊಮ್ಮೆ ಹೇಳಿ ಎಂದರು. ಕೆಲಸ ಕಳೆದುಕೊಂಡವರನ್ನು, ಮನೆ ಕಳೆದುಕೊಂಡವರನ್ನು ನೀವು ಬಲ್ಲಿರಲ್ಲವೇ ಎಂದರು. ತಾವು ಗವರ್ನರ್ ಆಗಿರುವ ಸಣ್ಣ ರಾಜ್ಯದಲ್ಲಿ ಜನ ಕೆಲಸ ಕಳೆದುಕೊಂಡಾಗ ಅವರನ್ನು ಹೆಸರು ಹಿಡಿದು ಬಲ್ಲೆ, ಕಾರ್ಖಾನೆ ಮುಚ್ಚಿದಾಗ ಅದನ್ನು ನಡೆಸುತ್ತಿದ್ದವರನ್ನು ಬಲ್ಲೆ ಎಂದರು. ಈ ದೃಶ್ಯವನ್ನು ಅಭಿನಯ ಎಂದು ತಳ್ಳಿಹಾಕುವವರಿದ್ದಾರೆ. ಅಭ್ಯಾಸ ಮಾಡಿದ ನಡೆಯೇ ಇರಬಹುದು. ಆದರೂ ಆ ಉತ್ತರದ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಈ ಸಂಕಟಕ್ಕೆ ಸಾಲವೊಂದೇ ಕಾರಣವಲ್ಲ, ಹನ್ನೆರಡು ವರ್ಷ ಸಿರಿವಂತರ ಲಾಭ ಕೆಳಕ್ಕೆ ಇಳಿಯುತ್ತದೆಂದು ನಂಬಿದ ಆರ್ಥಿಕ ನೀತಿಯೇ ಕಾರಣ, ದೇಶ ತನ್ನ ಜನರ ಮೇಲೆ ಹಣ ಹೂಡದೇ ಇದ್ದದ್ದು ಕಾರಣ ಎಂದು ಹೇಳಿದರು. ಅದು ಸರಿಯೋ ತಪ್ಪೋ ಎಂದು ಅರ್ಥಶಾಸ್ತ್ರಜ್ಞರು ಇಂದಿಗೂ ಜಗಳವಾಡಬಹುದು. ಜಗಳವಾಡಲು ಸಾಧ್ಯವಾಗುವಂತೆ ಅವರು ಕಾರಣವನ್ನು ಮೇಜಿನ ಮೇಲಿಟ್ಟರು ಎಂಬುದೇ ನನಗೆ ಮುಖ್ಯ.

ಭಾವನೆಯನ್ನು ತೋರುವುದಷ್ಟೇ ತಂತ್ರವಲ್ಲ, ಎದುರಾಳಿಯ ಭಾವನೆಯನ್ನು ಕಿತ್ತುಕೊಳ್ಳುವುದೂ ತಂತ್ರವೇ. 1974ರ ಮೇ 10ರಂದು ಫ್ರಾನ್ಸ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಅಂತಿಮ ಸುತ್ತಿನ ಇಬ್ಬರು ಅಭ್ಯರ್ಥಿಗಳ ನಡುವೆ ಮೊದಲ ಟಿವಿ ಚರ್ಚೆ ನಡೆಯಿತು. ಸಮಾಜವಾದಿ ಫ್ರಾನ್ಸ್ವಾ ಮಿತ್ತರಾಂ, ಸಂಪತ್ತಿನ ಹಂಚಿಕೆ ಹೃದಯಕ್ಕೂ ಸಂಬಂಧಿಸಿದ ವಿಷಯ ಎಂಬರ್ಥದ ಮಾತಾಡಿದರು. ವ್ಯಾಲರಿ ಜಿಸ್ಕಾರ್ ದೆಸ್ತಾಂ ಕೂಡಲೇ ತಿರುಗಿಬಿದ್ದರು: ಹೃದಯ ಎಂಬುದು ನಿಮ್ಮೊಬ್ಬರ ಏಕಸ್ವಾಮ್ಯವಲ್ಲ, ಮಿತ್ತರಾಂ ಅವರೇ, ನನಗೂ ಒಂದು ಹೃದಯವಿದೆ, ಅದು ತನ್ನದೇ ಲಯದಲ್ಲಿ ಬಡಿಯುತ್ತದೆ. ಜಿಸ್ಕಾರ್ ಗೆದ್ದದ್ದು ಸುಮಾರು 4 ಲಕ್ಷ 25 ಸಾವಿರ ಮತಗಳಿಂದ, ಅಂದರೆ ಕೂದಲೆಳೆಯ ಅಂತರದಿಂದ. ಆ ಮಾತನ್ನು ಫ್ರೆಂಚರು ಇಂದಿಗೂ ಉದ್ಧರಿಸುತ್ತಾರೆ. ಅದರಲ್ಲಿ ನ್ಯಾಯವೂ ಇದೆ: ಬಡವರ ಬಗೆಗಿನ ಮರುಕ ಒಂದೇ ಪಕ್ಷದ ಸೊತ್ತು ಎನ್ನುವುದು ಅಹಂಕಾರವೇ. ಆದರೆ ಸಂಪತ್ತನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆ ಅಷ್ಟು ಹೊತ್ತಿಗೆ ಹಿಂದೆ ಸರಿದಿತ್ತು. ಮನೆಯಲ್ಲಿ ಕುಳಿತವರು ಯಾರ ಹೃದಯ ದೊಡ್ಡದು ಎಂಬುದನ್ನು ಅಳೆಯುತ್ತಿದ್ದರು.

ಇದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುವುದು ಅದೇ ದೇಶದ 2007ರ ಮೇ 2ರ ಚರ್ಚೆ. ಸೆಗೊಲೆನ್ ರುಆಯಾಲ್ ಮತ್ತು ನಿಕೊಲಾ ಸಾರ್ಕೋಜಿ ಎದುರುಬದುರು ಕುಳಿತಿದ್ದರು. ಅಂಗವಿಕಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲಿ ಓದುವಂತಾಗಬೇಕು ಎಂದು ಸಾರ್ಕೋಜಿ ಮನಕರಗುವಂತೆ ಮಾತನಾಡಿದರು. ರುಆಯಾಲ್ ಸಿಡಿದೆದ್ದರು. ತಾನು ಸಚಿವೆಯಾಗಿದ್ದಾಗ ಅಂಥ ಮಕ್ಕಳಿಗಾಗಿ ರೂಪಿಸಿದ್ದ ಶಾಲಾ ಯೋಜನೆಯನ್ನು ಆಮೇಲೆ ಬಂದ ನಿಮ್ಮ ಸರ್ಕಾರವೇ ಕಿತ್ತುಹಾಕಿತು, ಈಗ ಬಂದು ಕಣ್ಣೀರು ತರಿಸುವಂತೆ ಮಾತಾಡುವುದು ರಾಜಕೀಯ ಅನೈತಿಕತೆಯ ಪರಮಾವಧಿ ಎಂದರು. ಅರಿಸ್ಟಾಟಲನ ಮೂರು ಪ್ರಶ್ನೆಗಳಿಗೂ ಅವರ ಕೋಪದಲ್ಲಿ ಉತ್ತರವಿತ್ತು. ಯಾರ ಮೇಲೆ, ಯಾವ ಯೋಜನೆಗಾಗಿ, ಏಕೆ, ಎಲ್ಲವೂ ಅಲ್ಲಿತ್ತು. ಸಾರ್ಕೋಜಿ ಆ ಕಾರಣವನ್ನು ನೇರವಾಗಿ ಎದುರಿಸುವ ಬದಲು, ಶಾಂತವಾಗಿರಿ ಎಂದರು. ಅಧ್ಯಕ್ಷರಾಗುವವರು ಶಾಂತವಾಗಿರಬೇಕು, ನೀವು ತಾಳ್ಮೆ ಕಳೆದುಕೊಂಡಿದ್ದೀರಿ ಎಂದರು. ತಾಳ್ಮೆ ಕಳೆದುಕೊಂಡಿಲ್ಲ, ಕೋಪಗೊಂಡಿದ್ದೇನೆ, ಕೆಲವು ಕೋಪಗಳು ಆರೋಗ್ಯಕರ ಎಂದು ರುಆಯಾಲ್ ಪಟ್ಟುಬಿಡದೆ ಹೇಳಿದರು.

ಮರುದಿನ ಚರ್ಚೆಯಾದದ್ದು ಆಕೆಯ ಕೋಪ. ಆ ಮಕ್ಕಳ ಶಾಲೆ ಹಿನ್ನೆಲೆಗೆ ಸರಿಯಿತು. ಶಾಂತವಾಗಿ ಕಾಣುವುದು ಭಾವನೆಯಿಂದ ಹೊರಗಿರುವುದು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಎದುರಿಗಿರುವವಳು ಹದ ತಪ್ಪಿದ್ದಾಳೆ ಎಂಬ ಅಂಜಿಕೆಯನ್ನು ನೋಡುಗರಲ್ಲಿ ಬಿತ್ತಿ, ತನ್ನ ಪಕ್ಕದಲ್ಲಿ ನಿಂತರೆ ನೆಮ್ಮದಿ ಎಂದು ಸೂಚಿಸುವುದೂ ಭಾವನೆಗೇ ಹಾಕಿದ ಗಾಳ. ಅದೂ ಹೆಣ್ಣೊಬ್ಬಳು ಕೋಪಗೊಂಡಾಗ ಈ ಗಾಳಕ್ಕೆ ಹೆಚ್ಚು ಜನ ಸಿಗುತ್ತಾರೆ. ಗಂಡಸಿನ ಕೋಪವನ್ನು ದೃಢತೆ ಎನ್ನುವ ಕಣ್ಣು ಹೆಂಗಸಿನ ಕೋಪವನ್ನು ಅಸ್ಥಿರತೆ ಎನ್ನುತ್ತದೆ. ಅಭ್ಯರ್ಥಿಯಾಗಿ ನಿಂತ ಮಹಿಳೆಯರು ಇದನ್ನು ಬಲ್ಲರು. ಬಲ್ಲವರಾದ್ದರಿಂದಲೇ ಎಷ್ಟೋ ಸಲ ನ್ಯಾಯವಾದ ಕೋಪವನ್ನೂ ನುಂಗಿಕೊಂಡು ಮಾತಾಡುತ್ತಾರೆ.

ನಗುವೂ ಹೀಗೆಯೇ ಪ್ರಶ್ನೆಯನ್ನು ಅಳಿಸಿಹಾಕಬಲ್ಲದು. 1984ರಲ್ಲಿ ರೊನಾಲ್ಡ್ ರೇಗನ್‌ಗೆ 73 ವರ್ಷ. ಮೊದಲ ಚರ್ಚೆಯಲ್ಲಿ ದಣಿದಂತೆ ಕಂಡಿದ್ದರಿಂದ, ಅಕ್ಟೋಬರ್ 21ರ ಎರಡನೆಯ ಚರ್ಚೆಯಲ್ಲಿ ಪತ್ರಕರ್ತರೊಬ್ಬರು ವಯಸ್ಸಿನ ಬಗ್ಗೆ ಗಂಭೀರವಾಗಿಯೇ ಕೇಳಿದರು: ಬಿಕ್ಕಟ್ಟಿನ ದಿನಗಳಲ್ಲಿ ನಿದ್ದೆಯಿಲ್ಲದೆ ಕೆಲಸ ಮಾಡಬಲ್ಲಿರಾ? ವಯಸ್ಸನ್ನು ಚುನಾವಣಾ ವಿಷಯವಾಗಿಸುವುದಿಲ್ಲ, ನನ್ನ ಎದುರಾಳಿಯ ಯೌವನವನ್ನೂ ಅನುಭವದ ಕೊರತೆಯನ್ನೂ ರಾಜಕೀಯ ಲಾಭಕ್ಕೆ ಬಳಸಿಕೊಳ್ಳಲಾರೆ ಎಂದರು ರೇಗನ್. ಸಭೆ ನಕ್ಕಿತು. 56 ವರ್ಷದ ಎದುರಾಳಿ ವಾಲ್ಟರ್ ಮಾಂಡೇಲ್ ಕೂಡ ನಕ್ಕರು. ಪರಮಾಣು ಅಸ್ತ್ರಗಳ ಗುಂಡಿಯನ್ನು ಯಾರ ಕೈಗೆ ಕೊಡುತ್ತೇವೆ ಎಂಬ ಪ್ರಶ್ನೆ ಅದು. ಅದಕ್ಕೆ ಉತ್ತರ ಬರಲಿಲ್ಲ, ಮತ್ತೆ ಕೇಳುವ ಧೈರ್ಯವನ್ನೂ ಆ ನಗು ಯಾರಿಗೂ ಉಳಿಸಲಿಲ್ಲ.

ಇದೇ ಚರ್ಚೆಯನ್ನು ಬಳಸಿಕೊಂಡು ಮನೋವಿಜ್ಞಾನಿಗಳು ನಡೆಸಿದ, 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ನನ್ನ ಕಣ್ಣು ತೆರೆಸಿತು. ಒಂದು ಗುಂಪಿಗೆ ಚರ್ಚೆಯನ್ನು ಇದ್ದಂತೆಯೇ ತೋರಿಸಿದರು. ಇನ್ನೊಂದಕ್ಕೆ ರೇಗನ್ನರ ಚಟಾಕಿಗಳನ್ನು ಕತ್ತರಿಸಿ ತೋರಿಸಿದರು. ಮೂರನೆಯದಕ್ಕೆ ಚಟಾಕಿಗಳನ್ನು ಉಳಿಸಿ, ಸಭಿಕರ ನಗುವನ್ನಷ್ಟೇ ತೆಗೆದುಹಾಕಿ ತೋರಿಸಿದರು. ಜನ ಮೆಚ್ಚಿದ್ದು ಚಟಾಕಿಯ ಜಾಣತನವನ್ನೇ ಆಗಿದ್ದರೆ ಮೂರನೆಯ ಗುಂಪೂ ಮೆಚ್ಚಬೇಕಿತ್ತು. ಆ ಗುಂಪಿನಲ್ಲಿ ರೇಗನ್ ಬಗೆಗಿನ ಅಭಿಪ್ರಾಯ ಕುಸಿಯಿತು. ಬ್ರಿಟನ್ನಿನ 2010ರ ಚರ್ಚೆಯ ಸಮಯದಲ್ಲಿಯೂ ಸಂಶೋಧಕರು ಇಂಥದ್ದನ್ನೇ ಕಂಡರು. ಆಯ್ದ ಮತದಾರರ ಮೆಚ್ಚುಗೆ ಏರಿಳಿಯುವುದನ್ನು ಟಿವಿ ಪರದೆಯ ಕೆಳಗೆ ಹರಿದಾಡುವ ಗೆರೆಯಾಗಿ ತೋರಿಸುವ ಪದ್ಧತಿಯಿದೆ. ಆ ಗೆರೆಯನ್ನು ತಾವೇ ತಿರುಚಿ ಒಬ್ಬ ಅಭ್ಯರ್ಥಿಯ ಪರವಾಗಿ ಏರುವಂತೆ ಮಾಡಿದಾಗ, ನೋಡಿದವರು ಅವನೇ ಗೆದ್ದ ಎಂದು ಹೇಳತೊಡಗಿದರು. ಅಂದರೆ ಉದ್ದೀಪನ ವಿಭಾವ ಎಂದು ನಾನು ಕರೆದದ್ದು ಅಲಂಕಾರವಲ್ಲ. ನಮ್ಮ ತೀರ್ಮಾನದ ಒಂದು ಪಾಲನ್ನು ಅಪರಿಚಿತರ ಚಪ್ಪಾಳೆ ಬರೆಯುತ್ತದೆ. 2024ರ ಜೂನ್ 27ರಂದು ಜೋ ಬೈಡನ್ ಮತ್ತು ಡೊನಾಲ್ಡ್ ಟ್ರಂಪ್ ನಡುವೆ ನಡೆದ ಚರ್ಚೆಯಲ್ಲಿ ಸಭಿಕರೇ ಇರಲಿಲ್ಲ, ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕನ್ನು ಮುಚ್ಚಿಡಲಾಗಿತ್ತು. ಎಲ್ಲ ದೇಶಗಳ ಚರ್ಚೆಗಳೂ ಕನಿಷ್ಠ ಇಷ್ಟನ್ನು ಅಳವಡಿಸಿಕೊಳ್ಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಒಬ್ಬ ವ್ಯಕ್ತಿಯ ಕಥೆ ಹೇಳುವುದು ಇನ್ನೊಂದು ವಿಧಾನ. ಸಾವಿರಾರು ಜನರ ಸಂಕಟದ ಅಂಕಿಗಿಂತ ಹೆಸರು, ಮುಖ ಇರುವ ಒಬ್ಬರ ಸಂಕಟ ನಮ್ಮನ್ನು ಬೇಗ ಅಲುಗಿಸುತ್ತದೆ. ಪಾಲ್ ಸ್ಲೊವಿಕ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಒಂದು ಮಗುವಿನ ಕಥೆಯ ಜೊತೆಗೆ ಅಂಕಿಅಂಶವನ್ನೂ ಕೊಟ್ಟಾಗ ಜನ ನೀಡಿದ ನೆರವು, ಬರಿಯ ಕಥೆ ಕೇಳಿದಾಗ ನೀಡಿದ್ದಕ್ಕಿಂತ ಕಡಿಮೆಯಾಗಿತ್ತು. ಭಾಷಣ ಬರೆದುಕೊಡುವವರಿಗೆ ಇದು ಚೆನ್ನಾಗಿ ಗೊತ್ತು. 2010ರ ಏಪ್ರಿಲ್ 15ರಂದು ಬ್ರಿಟನ್ನಿನ ಪಕ್ಷನಾಯಕರ ಮೊದಲ ಟಿವಿ ಚರ್ಚೆಯಲ್ಲಿ, ವಲಸೆಯ ಪ್ರಶ್ನೆಗೆ ಉತ್ತರಿಸುತ್ತ ಡೇವಿಡ್ ಕ್ಯಾಮೆರಾನ್ ಒಬ್ಬ ವ್ಯಕ್ತಿಯ ಮಾತನ್ನು ನೆನೆದರು. ನಲವತ್ತು ವರ್ಷದ ಕಪ್ಪು ವರ್ಣೀಯ, ಆರನೆಯ ವಯಸ್ಸಿನಲ್ಲಿ ಈ ದೇಶಕ್ಕೆ ಬಂದವನು, ನೌಕಾಪಡೆಯಲ್ಲಿ ಮೂವತ್ತು ವರ್ಷ ಸೇವೆ ಮಾಡಿದವನು, ಅವನೇ ವಲಸೆ ಹತೋಟಿ ತಪ್ಪಿದ್ದಕ್ಕೆ ನಾಚಿಕೆಯಾಗುತ್ತದೆ ಎಂದನಂತೆ. ಲೆಕ್ಕ ಹಾಕಿದರೆ ಅವನು ಹತ್ತನೆಯ ವಯಸ್ಸಿಗೇ ನೌಕಾಪಡೆ ಸೇರಿರಬೇಕು. ಪತ್ರಿಕೆಗಳು ಇದನ್ನು ಹಿಡಿದವು. ಆದರೆ ನನ್ನ ಆಕ್ಷೇಪ ಲೆಕ್ಕ ತಪ್ಪಿದ್ದಕ್ಕಲ್ಲ. ಆ ವ್ಯಕ್ತಿಯನ್ನು ಅಲ್ಲಿಗೆ ಕರೆತಂದದ್ದು ಅವನ ಸಂಕಟಕ್ಕೆ ಪರಿಹಾರ ಹೇಳಲಿಕ್ಕಲ್ಲ. ಅವನ ವರ್ಣ, ಅವನ ಸಮವಸ್ತ್ರ, ಅವನ ನಿಷ್ಠೆಗಳನ್ನು ಒಂದು ನೀತಿಗೆ ರಕ್ಷಾಕವಚವಾಗಿ ತೊಡಿಸಲಿಕ್ಕೆ. ಇನ್ನೊಬ್ಬರ ಬದುಕನ್ನು ಹೀಗೆ ಎರವಲು ಪಡೆಯುವುದು ನನಗೆ ಸುಳ್ಳು ಹೇಳುವುದಕ್ಕಿಂತ ಹೆಚ್ಚು ನೋವಿನ ಸಂಗತಿ.

ಭಯದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಹೆಚ್ಚು ಬರೆಯುವುದಿಲ್ಲ. ಜಾರ್ಜ್ ಮಾರ್ಕಸ್ ಮುಂತಾದ ರಾಜಕೀಯ ವಿಜ್ಞಾನಿಗಳ ಒಂದು ಕಾಣ್ಕೆಯನ್ನಷ್ಟೇ ಹೇಳಬೇಕು. ಆತಂಕಗೊಂಡ ಮತದಾರ ಅಭ್ಯಾಸಬಲದ ಆಯ್ಕೆಯನ್ನು ಬಿಟ್ಟು ಹೊಸ ಮಾಹಿತಿ ಹುಡುಕುತ್ತಾನೆ. ಉತ್ಸಾಹಗೊಂಡವನು ಮೊದಲಿನ ನಿಲುವಿಗೇ ಇನ್ನಷ್ಟು ಅಂಟಿಕೊಳ್ಳುತ್ತಾನೆ. ಕೋಪಗೊಂಡವನು ಹುಡುಕುವುದನ್ನೇ ನಿಲ್ಲಿಸುತ್ತಾನೆ. ಈ ಕಾರಣದಿಂದಲೇ ಕುಶಲ ಅಭ್ಯರ್ಥಿ ಭಯವನ್ನು ಭಯವಾಗಿ ಉಳಿಯಗೊಡುವುದಿಲ್ಲ. ಮೊದಲ ವಾಕ್ಯದಲ್ಲಿ ಅಂಜಿಸಿ, ಮುಂದಿನ ವಾಕ್ಯದಲ್ಲೇ ಒಬ್ಬ ಅಪರಾಧಿಯನ್ನು ತೋರಿಸಿ ಅದನ್ನು ಕೋಪವಾಗಿಸಿಬಿಡುತ್ತಾನೆ. ಹುಡುಕುವ ಮನಸ್ಸು ಹುಟ್ಟುವ ಮೊದಲೇ ಬಾಗಿಲು ಮುಚ್ಚುತ್ತದೆ. ಚರ್ಚೆಯಲ್ಲಿ ನಾನು ಹೆಚ್ಚು ಎಚ್ಚರದಿಂದ ಗಮನಿಸುವುದು ಆ ಎರಡು ವಾಕ್ಯಗಳ ನಡುವಿನ ಜಾಗವನ್ನು. ಅಲ್ಲಿ "ಏಕೆಂದರೆ" ಎಂಬುದು ಇದೆಯೇ, ಇದ್ದರೆ ಅದರ ಮುಂದೆ ಏನಿದೆ?

ಕೋಪದಲ್ಲಿ ತೆಗೆದುಕೊಂಡ ನಿರ್ಧಾರವನ್ನು ಒಂದು ಜನಸಭೆ ತಾನೇ ಹಿಂತೆಗೆದುಕೊಂಡ ಪ್ರಸಂಗ ಚರಿತ್ರೆಯಲ್ಲಿ ಅಪರೂಪ. ಕ್ರಿಸ್ತಪೂರ್ವ 427ರಲ್ಲಿ ಅಥೆನ್ಸ್‌ನಲ್ಲಿ ಅದು ನಡೆಯಿತು. ದಂಗೆ ಎದ್ದು ಸೋತ ಮಿಟಿಲೀನ್ ನಗರದ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಬೇಕೆಂದು ಅಥೆನ್ಸ್‌ನ ಸಭೆ ಸಿಟ್ಟಿನ ಭರದಲ್ಲಿ ತೀರ್ಮಾನಿಸಿ ಹಡಗು ಕಳುಹಿಸಿತು. ರಾತ್ರಿ ಕಳೆಯುವಷ್ಟರಲ್ಲಿ ಜನರಿಗೆ ಅಳುಕು ಹುಟ್ಟಿತು. ಮರುದಿನ ಸಭೆ ಮತ್ತೆ ಸೇರಿತು. ಆ ಚರ್ಚೆಯನ್ನು ಇತಿಹಾಸಕಾರ ಥ್ಯೂಸಿಡಿಡೀಸ್ ದಾಖಲಿಸಿದ್ದಾನೆ. ಹಿಂದಿನ ದಿನ ಕೊಲೆಯ ನಿರ್ಣಯವನ್ನು ಗೆಲ್ಲಿಸಿದ್ದ ಕ್ಲಿಯಾನ್ ಎದ್ದು, ಕರುಣೆ, ಚಂದದ ಮಾತಿನ ಮೋಹ, ಔದಾರ್ಯ ಈ ಮೂರೂ ಸಾಮ್ರಾಜ್ಯಕ್ಕೆ ಶತ್ರುಗಳು ಎಂದ. ಕೋಪದ ಮೊನೆ ಮೊಂಡಾಗುವ ಮೊದಲೇ ಶಿಕ್ಷಿಸಬೇಕು ಎಂದ. ಜನರ ಭಾವುಕತೆಯನ್ನು ಬೈಯುತ್ತಲೇ ಆತ ಅವರ ಸೇಡಿನ ಭಾವಕ್ಕೆ ಗಾಳಿ ಹಾಕುತ್ತಿದ್ದ. ಭಾವನೆಗೆ ಮರುಳಾಗಬೇಡಿ ಎಂದು ಗಟ್ಟಿಯಾಗಿ ಹೇಳುವವನೇ ಬಹಳ ಸಲ ತನಗೆ ಬೇಕಾದ ಭಾವನೆಯೊಂದನ್ನು ಮಾತ್ರ ಉಳಿಸಿಕೊಳ್ಳುತ್ತಿರುತ್ತಾನೆ.

ಅವನಿಗೆ ಉತ್ತರ ಕೊಟ್ಟವನು ಡಯಡೋಟಸ್. ಆತ ಕಣ್ಣೀರು ಹಾಕಲಿಲ್ಲ, ಕರುಣೆ ತೋರಿ ಎಂದೂ ಬೇಡಲಿಲ್ಲ. ಆತುರ ಮತ್ತು ಕೋಪ, ಒಳ್ಳೆಯ ಆಲೋಚನೆಗೆ ಇವೆರಡೇ ದೊಡ್ಡ ವೈರಿಗಳು ಎಂದ. ಶರಣಾದವರನ್ನೂ ಕೊಂದರೆ ಮುಂದೆ ದಂಗೆ ಎದ್ದ ಯಾವ ನಗರವೂ ಶರಣಾಗದೆ ಕೊನೆಯತನಕ ಹೋರಾಡುತ್ತದೆ, ನಷ್ಟ ನಮಗೇ ಎಂದ. ಕೈ ಎತ್ತಿ ಮತ ಹಾಕಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿತ್ತು, ಡಯಡೋಟಸ್ ಗೆದ್ದ. ಎರಡನೆಯ ಹಡಗು ಹೊರಟಿತು. ನಾವಿಕರು ಹುಟ್ಟು ಹಾಕುತ್ತಲೇ ಉಂಡರು, ಸರದಿಯಲ್ಲಿ ಮಲಗಿದರು. ಮೊದಲ ಹಡಗಿನವರಿಗೆ ಆ ಘೋರ ಕೆಲಸಕ್ಕೆ ಆತುರವಿರಲಿಲ್ಲ, ನಿಧಾನವಾಗಿ ಸಾಗಿದ್ದರು. ಕೊಲೆಯ ಆಜ್ಞೆಯನ್ನು ಓದಿ ಇನ್ನೇನು ಜಾರಿಗೊಳಿಸಬೇಕು ಎನ್ನುವಾಗ ಎರಡನೆಯ ಹಡಗು ದಡ ಮುಟ್ಟಿತು. ನಗರ ಉಳಿಯಿತು. ಆದರೂ ದಂಗೆಯ ಮುಂದಾಳುಗಳೆಂದು ಸಾವಿರಕ್ಕೂ ಹೆಚ್ಚು ಜನರನ್ನು ಅಥೆನ್ಸ್ ಕೊಂದಿತು ಎಂದು ಅದೇ ದಾಖಲೆ ಹೇಳುತ್ತದೆ. ಈ ಕಥೆಯನ್ನು ವಿವೇಕದ ಗೆಲುವೆಂದು ಹೇಳುವವರು ಆ ಸಾಲನ್ನು ಬಿಟ್ಟುಬಿಡುತ್ತಾರೆ.

ಈ ಪ್ರಸಂಗದಲ್ಲಿ ಡಯಡೋಟಸನ ವಾದದಷ್ಟೇ ದೊಡ್ಡ ಪಾತ್ರ ಆ ಒಂದು ರಾತ್ರಿಯದು. ಸಿಟ್ಟು ಇಳಿದು ಅಳುಕು ಹುಟ್ಟಿದ್ದರಿಂದಲೇ ಅವನಿಗೆ ಮಾತಾಡಲು ಅವಕಾಶ ಸಿಕ್ಕಿತು. ಅಂದರೆ ಕೋಪಕ್ಕೆ ಎದುರಾಗಿ ನಿಂತದ್ದೂ ಮೊದಲಿಗೆ ಇನ್ನೊಂದು ಭಾವನೆಯೇ. ವಾದ ಅದರ ಬೆನ್ನಿಗೆ ಬಂದಿತು. ಇಂದಿನ ಟಿವಿ ಚರ್ಚೆಯಲ್ಲಿ ಅಂಥ ರಾತ್ರಿಗೆ ಜಾಗವೇ ಇಲ್ಲ. 2024ರ ಜೂನ್ ಚರ್ಚೆಯಲ್ಲಿ ಉತ್ತರಕ್ಕೆ ಎರಡು ನಿಮಿಷ, ಪ್ರತ್ಯುತ್ತರಕ್ಕೆ ಒಂದು ನಿಮಿಷ ಇತ್ತು. ಎರಡು ನಿಮಿಷದಲ್ಲಿ ಮರುಕ ಹುಟ್ಟಿಸಬಹುದು, ಅದರ ಕಾರಣವನ್ನು ಪರೀಕ್ಷಿಸಲಾಗದು.

ಹಲವು ದೇಶಗಳಲ್ಲಿ ಒಂದೇ ಚುನಾವಣೆಗೆ ಎರಡು, ಮೂರು ಚರ್ಚೆಗಳು ನಡೆಯುತ್ತವೆ. ಪ್ರತಿಯೊಂದೂ ಹಿಂದಿನದನ್ನು ಮರೆತು ಹೊಸದಾಗಿ ಆರಂಭವಾಗುತ್ತದೆ. ಎರಡನೆಯ ಚರ್ಚೆಯ ಮೊದಲ ಅರ್ಧ ಗಂಟೆಯನ್ನು ಮೊದಲನೆಯದರಲ್ಲಿ ಹೇಳಿದ ಕಥೆಗಳಿಗೆ, ತೋರಿದ ಕೋಪಗಳಿಗೆ, ಹುಟ್ಟಿಸಿದ ಭಯಗಳಿಗೆ ಮೀಸಲಿಡಬೇಕು. ನೀವು ಕೆಲಸ ಕಳೆದುಕೊಂಡ ಒಬ್ಬರ ಕಥೆ ಹೇಳಿದಿರಿ. ನಿಮ್ಮ ಪ್ರಣಾಳಿಕೆಯ ಯಾವ ಅಂಶದಿಂದ ಅವರಿಗೆ ಕೆಲಸ ಸಿಗುತ್ತದೆ, ಎಷ್ಟು ದಿನದಲ್ಲಿ ಸಿಗುತ್ತದೆ? ಅವರಂಥವರು ಇನ್ನೆಷ್ಟು ಜನರಿದ್ದಾರೆ, ಅವರ ಪೈಕಿ ಯಾರಿಗೆ ಅದು ತಲುಪುವುದಿಲ್ಲ? ಆ ಕಥೆ ಹೇಳಲು ಅವರ ಒಪ್ಪಿಗೆ ಪಡೆದಿದ್ದೀರಾ? ನೀವು ಇಂಥವರ ಮೇಲೆ ಸಿಟ್ಟಾಗಿದ್ದಿರಿ. ಅವರು ಯಾವ ದಿನ, ಯಾವ ನಿರ್ಧಾರದಿಂದ ಆ ಹಾನಿ ಮಾಡಿದರು? ಎದುರಾಳಿಗೂ ಇದೇ ಪ್ರಶ್ನೆ, ಇಷ್ಟೇ ಸಮಯ. ಸಭಿಕರಿಲ್ಲದ ಕೋಣೆಯಲ್ಲಿ, ಪರದೆಯ ಕೆಳಗೆ ಯಾವ ಗೆರೆಯೂ ಹರಿದಾಡದೆ ಇದು ನಡೆಯಬೇಕು. ಚರ್ಚೆಯ ನಿಯಮಗಳನ್ನು ಪ್ರತಿ ಚುನಾವಣೆಗೂ ಮುನ್ನ ಪಕ್ಷಗಳೂ ವಾಹಿನಿ ಅಥವಾ ಆಯೋಜಕ ಸಂಸ್ಥೆಗಳೂ ಕುಳಿತು ಹೊಸದಾಗಿ ಮಾತಾಡಿಕೊಳ್ಳುತ್ತವೆ. ವೇದಿಕೆಯ ಎತ್ತರ, ಕ್ಯಾಮೆರಾದ ಕೋನಗಳ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ನಡೆಸುವವರ ಮುಂದೆ ಈ ಬೇಡಿಕೆಯನ್ನು ಇಡಬೇಕಾದವರು ಮತದಾರರೇ.